ಸುಳಿವೆಲ್ಲ ಕೊಟ್ಟಿದ್ದೆ, ಕಥೆಯೊಂದು ಬಿಟ್ಟು!

ಪತ್ತೇದಾರಿ ಸಿನಿಮಾದಲ್ಲಿ ಏನಾದರೂ ಕಾಣೆಯಾಗಲೇಬೇಕು. ಒಬ್ಬ ಹೆಂಗಸು, ಒಂದು ಮಗು, ಗತಿಯಿಲ್ಲದಿದ್ದರೆ ಒಂದು ವಜ್ರದ ಹಾರ. 2017ರ ಅಕ್ಟೋಬರಿನಲ್ಲಿ ತೆರೆಕಂಡ ‘ದಿ ಸ್ನೋಮ್ಯಾನ್’ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿತು. ಅಲ್ಲಿ ಕಾಣೆಯಾದದ್ದು ಚಿತ್ರಕಥೆ.

ಇದಕ್ಕೆ ಯಾರು ಕಾರಣ ಎಂದು ಹುಡುಕ ಹೊರಟರೆ ಯಾರ ಮೇಲೂ ಗುಮಾನಿ ಬರುವಂತಿಲ್ಲ, ಎಲ್ಲರೂ ಅಷ್ಟು ಸಂಭಾವಿತರು. ಮೂಲ ಕಾದಂಬರಿ ನಾರ್ವೆಯ ಯೂ ನೆಸ್ಬೊ 2007ರಲ್ಲಿ ಬರೆದದ್ದು, ಕುಡುಕ ಪತ್ತೇದಾರ ಹ್ಯಾರಿ ಹೋಲ್ ಮಾಲಿಕೆಯ ಏಳನೆಯದು. ಹಿಮ ಬೀಳುತ್ತದೆ, ಹೆಂಗಸರು ಕಾಣೆಯಾಗುತ್ತಾರೆ, ಅಲ್ಲೊಂದು ಹಿಮದ ಗೊಂಬೆ ನಿಂತಿರುತ್ತದೆ. ಓದಿದವರು ರಾತ್ರಿ ಕಿಟಕಿ ಮುಚ್ಚಿ ಮಲಗಿದ ಪುಸ್ತಕ. ನಿರ್ದೇಶಕ ತೋಮಸ್ ಆಲ್ಫ್ರೆಡ್‌ಸನ್, ಹಿಂದೆ ‘ಟಿಂಕರ್ ಟೇಲರ್ ಸೋಲ್ಜರ್ ಸ್ಪೈ’ ಮಾಡಿ ಭೇಷ್ ಎನಿಸಿಕೊಂಡವರು. ಚಿತ್ರಕಥೆಗೆ ಮೂವರು. ಸಂಕಲನಕ್ಕೆ ಆಸ್ಕರ್ ಗೆದ್ದ ಥೆಲ್ಮಾ ಸ್ಕೂನ್‌ಮೇಕರ್ ಮತ್ತು ಕ್ಲೇರ್ ಸಿಂಪ್ಸನ್. ನಾಯಕ ಮೈಕಲ್ ಫಾಸ್ಬೆಂಡರ್. ನಿರ್ಮಾಪಕರ ಸಾಲಿನಲ್ಲಿ ಸಾಕ್ಷಾತ್ ಮಾರ್ಟಿನ್ ಸ್ಕಾರ್ಸೆಸಿ! ಮೊದಲು ಇದನ್ನು ನಿರ್ದೇಶಿಸಬೇಕಿದ್ದವರೇ ಅವರು. ಕೊನೆಗೆ ಹೆಸರು ಮಾತ್ರ ಕೊಟ್ಟು ದೂರ ನಿಂತರು. ಪತ್ತೇದಾರಿಕೆಯ ನಿಜವಾದ ಸೂಕ್ಷ್ಮ ಯಾರಿಗಿತ್ತು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಹಾಗಾದರೆ ತಪ್ಪೊಪ್ಪಿಕೊಂಡವರು ಯಾರು? ನಿರ್ದೇಶಕರೇ. ನಾರ್ವೆಯಲ್ಲಿ ಚಿತ್ರೀಕರಣಕ್ಕೆ ಸಿಕ್ಕ ಸಮಯ ತೀರಾ ಕಡಿಮೆಯಾಯಿತು, ಚಿತ್ರಕಥೆಯ ಶೇ 10ರಿಂದ 15ರಷ್ಟು ಭಾಗವನ್ನು ಚಿತ್ರೀಕರಿಸಲೇ ಇಲ್ಲ, ಸಂಕಲನಕ್ಕೆ ಕೂತಾಗಲೇ ಅದು ಗೊತ್ತಾಗಿದ್ದು ಎಂದು ಅಲ್ಲಿನ ಪ್ರಸಾರ ಸಂಸ್ಥೆ ಎನ್‌ಆರ್‌ಕೆಗೆ ಅವರೇ ಹೇಳಿಕೊಂಡರು. ಪರ್ಸೆಂಟ್ ಲೆಕ್ಕದಲ್ಲಿ ನಾವು ಕನ್ನಡಿಗರು ಪಳಗಿದವರು. ಹತ್ತು ಹದಿನೈದು ಪರ್ಸೆಂಟ್ ಮಾಯವಾದ ಮೇಲೂ ನಿಲ್ಲುವ ರಸ್ತೆ, ಸೇತುವೆಗಳನ್ನು ಕಂಡಿದ್ದೇವೆ. ಆದರೆ ಕಂಟ್ರಾಕ್ಟರ್ ಕೂಡ ಅದನ್ನು ಟೇಪು ಕತ್ತರಿಸುವ ದಿನ ಮೈಕಿನಲ್ಲಿ ಹೇಳಿದ ಉದಾಹರಣೆ ಇಲ್ಲ.

ಉಳಿದ ಎಂಬತ್ತೈದು ಪರ್ಸೆಂಟಿನಲ್ಲಿ ಏನಿದೆ? ಆಸ್ಲೋ ನಗರವಿದೆ, ಅಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ಕ್ರೀಡಾಕೂಟವೊಂದನ್ನು ಆ ಊರಿಗೆ ತರಲು ಓಡಾಡುವ ಶ್ರೀಮಂತನಾಗಿ ಜೆ.ಕೆ. ಸಿಮನ್ಸ್ ಬರುತ್ತಾರೆ, ಗಂಭೀರವಾಗಿ ನೋಡುತ್ತಾರೆ. ಕೊಲೆಗಾರ ಇವನೇ ಎಂದು ನಾವು ಸರಿಯಾಗಿ ಕೂರುವಷ್ಟರಲ್ಲಿ ಅವರ ಕಥೆಯೇ ಎಲ್ಲೋ ಕರಗಿಹೋಗುತ್ತದೆ. ಪೊಲೀಸರ ಕೈಯಲ್ಲಿ ಸಾಕ್ಷ್ಯ ದಾಖಲಿಸುವ ದಪ್ಪನೆಯ ಯಂತ್ರವಿದೆ. ಅದರಲ್ಲಿ ಎಲ್ಲವೂ ದಾಖಲಾಗುತ್ತದೆ, ಏನೂ ಪತ್ತೆಯಾಗುವುದಿಲ್ಲ. ಬರ್ಗನ್‌ನ ಪೊಲೀಸನಾಗಿ ವ್ಯಾಲ್ ಕಿಲ್ಮರ್ ಬಂದಾಗ ತುಟಿ ಒಂದು ಹೇಳಿದರೆ ದನಿ ಇನ್ನೊಂದು ಹೇಳುತ್ತದೆ. ಗಂಟಲಿನ ಕಾಯಿಲೆಯಿಂದ ನರಳುತ್ತಿದ್ದ ಆ ನಟನದು ಕಿಂಚಿತ್ತೂ ತಪ್ಪಿಲ್ಲ. ಇಷ್ಟು ದುಡ್ಡಿದ್ದೂ ನೆಟ್ಟಗೆ ಡಬ್ಬಿಂಗ್ ಮಾಡಿಸದವರದು ತಪ್ಪು. ಕ್ಲೈಮ್ಯಾಕ್ಸಿನಲ್ಲಂತೂ ಹಂತಕ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದುಬಂದು ತಾನೇ ಬಿರುಕಿಗೆ ಬಿದ್ದು ಮುಳುಗುತ್ತಾನೆ. ಹೀಗೆ ಪ್ರಕರಣವನ್ನು ಭೇದಿಸಿದ ಕೀರ್ತಿ ಹವಾಮಾನಕ್ಕೆ ಸಲ್ಲುತ್ತದೆ. ಇನ್ನೊಂದು ಸ್ವಾರಸ್ಯವೆಂದರೆ ಟ್ರೇಲರಿನಲ್ಲಿದ್ದ ಹಲವು ದೃಶ್ಯಗಳು ಚಿತ್ರದಲ್ಲಿಲ್ಲ. ಬರೀ ಟ್ರೇಲರ್ ನೋಡಿದವನಿಗೇ ಕಥೆ ಒಂದು ಗುಕ್ಕು ಹೆಚ್ಚು ಗೊತ್ತು.

ಇಷ್ಟಾದರೂ ಚಿತ್ರತಂಡ ಒಂದು ವಿಷಯದಲ್ಲಿ ಇತಿಹಾಸ ಬರೆಯಿತು. ಅದು ಪೋಸ್ಟರ್. ಎಳೆ ಮಗು ಗೀಚಿದಂಥ ಹಿಮದ ಗೊಂಬೆಯ ಚಿತ್ರ, ಜೊತೆಗೆ ಕೊಲೆಗಾರ ಪೊಲೀಸಪ್ಪನಿಗೆ ಬರೆದ ಪತ್ರ. ‘ನಿನಗೆ ಸುಳಿವೆಲ್ಲ ಕೊಟ್ಟಿದ್ದೆ, ಅವಳನ್ನು ಉಳಿಸಬಹುದಿತ್ತು’ ಎಂಬುದು ಅದರ ತಾತ್ಪರ್ಯ. ಬೆನ್ನುಹುರಿ ತಣ್ಣಗಾಗಲಿ ಎಂದು ಮಾಡಿದ್ದು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದೇ ಗೊಂಬೆ, ಅದೇ ಸೊಟ್ಟ ಅಕ್ಷರ ಇಟ್ಟುಕೊಂಡು ತಮಗೆ ಬೇಕಾದ ಮಾತು ತುಂಬಿ ಹಂಚಿದರು. ಸಿನಿಮಾ ಬರುವ ಮೊದಲೇ ಅದರ ಮೀಮುಗಳು ಊರೂರು ಸುತ್ತಿ ಬಂದಿದ್ದವು. ಸರಣಿ ಕೊಲೆಗಾರನಿಗೆ ಹೆದರಬೇಕಾದ ಜಗತ್ತು ಅವನ ಕೈಬರಹವನ್ನು ನೋಡಿ ಅಯ್ಯೋ ಪಾಪ ಎಂದಿತು. ‘ಸುಳಿವೆಲ್ಲ ಕೊಟ್ಟಿದ್ದೆ’ ಎಂದು ಪೋಸ್ಟರ್ ಸಾರುತ್ತದೆ, ‘ಎಲ್ಲ ಕೊಡಲಾಗಲಿಲ್ಲ’ ಎಂದು ನಿರ್ದೇಶಕರು ಒಪ್ಪುತ್ತಾರೆ. ಇಡೀ ಸಿನಿಮಾದಲ್ಲಿ ಒಗಟೆನ್ನಬಹುದಾದದ್ದು ಇದೊಂದೇ.

ನಗು ಪುಕ್ಕಟೆ, ಟಿಕೆಟ್ಟಿಗೆ ದುಡ್ಡು ಕೊಡಬೇಕು. ಸುಮಾರು ಮೂರೂವರೆ ಕೋಟಿ ಡಾಲರ್ ಸುರಿದು ಮಾಡಿದ ಚಿತ್ರ ಅಮೆರಿಕದ ಮೊದಲ ವಾರಾಂತ್ಯದಲ್ಲಿ 35 ಲಕ್ಷ ಡಾಲರನ್ನೂ ಮುಟ್ಟಲಿಲ್ಲ. ‘ರಾಟನ್ ಟೊಮ್ಯಾಟೋಸ್’ನಲ್ಲಿ ವಿಮರ್ಶಕರ ಮೆಚ್ಚುಗೆ ಶೇ 10ನ್ನೂ ದಾಟಲಿಲ್ಲ. ಚಿತ್ರಮಂದಿರದಿಂದ ಹೊರಬರುವವರ ಕೈಗೆ ಕಾರ್ಡು ಕೊಟ್ಟು ದರ್ಜೆ ಕೇಳುವ ‘ಸಿನಿಮಾಸ್ಕೋರ್’ನಲ್ಲಿ ಸಿಕ್ಕದ್ದು ‘ಡಿ’. ದುಡ್ಡು ಕೊಟ್ಟು ಕೂತವರು ಕೊಟ್ಟ ದರ್ಜೆ ಇದು. ಸಾಮಾನ್ಯವಾಗಿ ಅವರು ತಮ್ಮ ದುಡ್ಡಿನ ಮರ್ಯಾದೆಗಾದರೂ ಉದಾರವಾಗಿರುತ್ತಾರೆ. ಅಷ್ಟೆಲ್ಲ ಸುಳಿವು ಕೊಟ್ಟರೂ ಪ್ರೇಕ್ಷಕ ಬರಲಿಲ್ಲ ಎಂದು ಯಾರೂ ಗೊಣಗುವಂತಿಲ್ಲ. ಸುಳಿವು ಸಿಕ್ಕಿದ್ದರಿಂದಲೇ ಅವನು ಬರಲಿಲ್ಲ.

ಇಂಥ ಹೊತ್ತಿನಲ್ಲಿ ಚಿತ್ರೋದ್ಯಮ, ಅದು ಯಾವ ದೇಶದ್ದಾದರೂ ಸರಿ, ಒಂದು ಹಳೆಯ ರಾಗ ತೆಗೆಯುತ್ತದೆ: ಜನರಿಗೆ ತಾಳ್ಮೆ ಇಲ್ಲ, ಮೀಮು ಮಾಡುವವರು ಕಲೆಯ ಕತ್ತು ಹಿಸುಕುತ್ತಿದ್ದಾರೆ. ವಾಸ್ತವ ಬೇರೆಯೇ. ಪತ್ತೇದಾರಿ ಚಿತ್ರದ ಪ್ರೇಕ್ಷಕನಂಥ ಸಜ್ಜನ ಇನ್ನೊಬ್ಬನಿಲ್ಲ. ಮೋಸಹೋಗಲೆಂದೇ ದುಡ್ಡು ಕೊಟ್ಟು ಬಂದು ಕೂರುತ್ತಾನೆ. ತೋಟದ ಮಾಲಿಯನ್ನು ತೋರಿಸಿ ಡಾಕ್ಟರನ್ನು ಹಿಡಿದುಕೊಟ್ಟರೆ ಚಪ್ಪಾಳೆ ತಟ್ಟುತ್ತಾನೆ. ಅವನು ಕೇಳುವುದು ಇಷ್ಟೇ: ಮೋಸವನ್ನಾದರೂ ಪೂರ್ತಿಯಾಗಿ ಮಾಡಿ. ಅರ್ಧಕ್ಕೆ ಬಿಟ್ಟ ಮೋಸಕ್ಕೆ ನಗುವುದನ್ನು ಬಿಟ್ಟು ಬೇರೆ ಮರ್ಯಾದೆ ಅವನಿಗೆ ತಿಳಿದಿಲ್ಲ.

ಆದ್ದರಿಂದ ನಿರ್ಮಾಪಕ ಮಹಾಶಯರಲ್ಲಿ ಒಂದು ಸಣ್ಣ ಮನವಿ. ಇನ್ನು ಮುಂದೆ ಚಿತ್ರಕಥೆಯ ಶೇ 15 ಭಾಗ ಚಿತ್ರೀಕರಣವಾಗದೆ ಉಳಿದರೆ ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಟಿಕೆಟ್ ದರದಲ್ಲೂ ಅಷ್ಟನ್ನೇ ಮುರಿದುಕೊಡಿ, ಲೆಕ್ಕ ಚುಕ್ತಾ.