ಗಾಡ್ಯಾಗ ಮಲಗೂದು ನಮಗೇನು ಹೊಸಾದಲ್ರಿ

ಮಗ ಗಾಡ್ಯಾಗ ಮಲಗ್ಯಾನ ಅಂತ ಇಷ್ಟ್ಯಾಕ ಚಿಂತಿ ಮಾಡ್ತೀರಿ ಅಕ್ಕಾರ? ನಿಮ್ಮ ಫೋನಿನ್ಯಾಗಿನ ಫೋಟೊ ನಾನೂ ನೋಡಿದ್ನಿ. ದೊಡ್ಡ ಬಿಳಿ ವಾಹನ, ಬಾಜೂಕ ಎರಡು ಮಡಚೂ ಕುರ್ಚಿ, ಹಿಂದ ಗಿಡಗಳ ದಟ್ಟಣಿ, ಗಿಡದ ಸಂದ್ಯಾಗ ಹೊಳಿ. ಅಮೆರಿಕಾದ ಮಿಷಿಗನ್ ಅನ್ನೂ ಆ ರಾಜ್ಯದಾಗ ಕಾಡಿನೊಳಗ ಸರಕಾರದವರ ಇಂಥ ಜಾಗಾ ಮಾಡಿ ಇಟ್ಟಾರ. ಅಲ್ಲಿ ಕರೆಂಟಿಲ್ಲ, ಮನಿಮನೀಗೆ ಬರೂವಂಥ ನಳ ಇಲ್ಲ. ಒಂದು ಕೈಪಂಪು, ಒಂದು ಗುಂಡಿ ಸಂಡಾಸ, ಕೂತು ಉಣ್ಣಾಕ ಒಂದು ಮೇಜು, ಬೆಂಕಿ ಹಚ್ಚಾಕ ಒಂದು ಕಬ್ಬಿಣದ ಬಳಿ. ಅಷ್ಟ.

"ಅಷ್ಟು ಓದಿ, ಅಷ್ಟು ದೂರ ಹೋಗಿ, ಕೈಪಂಪು ಹೊಡೀತಾನಲ್ಲವಾ" ಅಂತ ನೀವು ಮರಗತೀರಿ. ನನಗ ಖರೇನ ಸಂತೋಷ ಆತು. ಹುಡುಗಗ ನಮ್ಮ ಹಿರ್‍ಯಾರ ರುಚಿ ಹತ್ತೇತಿ.

ನಿಮ್ಮ ಮಾವನೋರ ಸವಾರಿ ಬಂಡಿ ನೆನಸಿಕೋರಿ. ಭಾರತ ಹುಣ್ಣಿವಿ ಬಂತಂದ್ರ ತಿರ್ಲಾಪುರದಿಂದ ಎಲ್ಲಮ್ಮನ ಗುಡ್ಡಕ್ಕ ಬಂಡಿ ಹೂಡತಿದ್ರು. ಅದು ಮನಿ ಅಲ್ಲೇನು? ತಳಕ್ಕ ಜ್ವಾಳದ ಕಣಿಕಿ, ಅದರ ಮ್ಯಾಲೆ ನವಲಗುಂದದ ಜಮಖಾನಿ, ಅದರ ಮ್ಯಾಲೆ ಕೌದಿ. ತಲಿ ಮ್ಯಾಲೆ ಕಮಾನು. ಕೆಳಗ ಅಚ್ಚಿಗೆ ಕಂದೀಲು. ಹಿಂದ ನೀರಿನ ತತ್ರಾಣಿ. ಒಲೀಗೆ ಮೂರು ಕಲ್ಲು ಸುದ್ದಾ ಗಾಡ್ಯಾಗ ಬರತಿದ್ವು, ನಮ್ಮ ಎರಿ ಸೀಮ್ಯಾಗ ಬೇಕಂದಲ್ಲಿ ಕಲ್ಲು ಎಲ್ಲಿ ಸಿಗಬೇಕು? ಹೋಗೂವಾಗ ಹಾಸಿಗಿ ದಪ್ಪ, ಬರೂವಾಗ ತೆಳ್ಳಗ. ಹಾಸಿದ್ದ ಕಣಿಕೀನ ದಾರಿ ಮ್ಯಾಲೆ ಎತ್ತು ತಿಂದು ಮುಗಿಸಿರತಿದ್ವು. ಮೇವೂ ಅದ, ಗಾದೀನೂ ಅದ. ಇಷ್ಟು ಹೊಂದಿಸಿ ಕಟ್ಟಿದ ಮನಿ ಇವತ್ತಿನ ಯಾವ ಕಂಪನ್ಯಾವರೂ ಮಾಡಿಲ್ಲ ಅಂತೇನಿ ನಾ.

ವಸ್ತಿ ಹಾಕೂ ಜಾಗಾ ಆರಿಸೂದ್ರಾಗಂತೂ ಅವರು ಭಾಳ ಗಟ್ಟಿ. ಕೊಳ್ಳ ಹರಿಯೂಕಿಂತ ಮೊದಲ ಹಿರ್‍ಯಾ ಒಬ್ಬಾಂವ ಇಳದು ಸುತ್ತ ಅಡ್ಡಾಡಿ ಬರತಿದ್ದ. ನೀರು ಹತ್ರ ಇರಬೇಕು, ಆದ್ರ ಕಾಲ್ಬುಡಕ್ಕ ಇರಬಾರದು. ನೆಲ ಗಟ್ಟಿ ಇರಬೇಕು, ಯಾಕಂದ್ರ ಎರಿಮಣ್ಣಿನ್ಯಾಗ ರಾತ್ರಿ ನಾಕು ಹನಿ ಬಿತ್ತಂದ್ರ ಮುಂಜಾನೆ ಗಾಲಿ ಏಳೂದಿಲ್ಲ. ಗಾಳಿ ಯಾವ ಕಡೀಂದ ಬರತೈತಿ ನೋಡಿ ಒಲಿ ಆಚೆ ಬದಿ. ಬಿಡೂವಾಗ ಬೂದೀಗೆ ನೀರು ಹೊಡದು, ಮಣ್ಣು ಎಳದು, ಕೈ ಇಟ್ಟು ನೋಡಿ ಏಳತಿದ್ರು.

ಈಗ ನಿಮ್ಮ ಮಗ ಚಳಿಗಾಲಕ್ಕ ಮಕ್ಕಳನ್ನ ಕರಕೊಂಡು ಬರ್ತಾನ, ಬೆಂಗಳೂರಾಗ ಕ್ಯಾರವಾನ್ ಬಾಡಿಗಿ ಹಿಡದು ದಾಂಡೇಲಿ ಕಾಡಿಗೆ, ಕಾಳಿ ಹೊಳಿ ಕಡೆ ಹೋಗೂಣು ಅಂತಾನ. ಹೋಗ್ರಿ. ನೀವೂ ಹೋಗ್ರಿ, ಮೊಮ್ಮಕ್ಕಳ ಜೋಡಿ. ಆದ್ರ ಆ ಹೊಳಿ ಸಂಗತಿ ಕೇಳಿಕೊಂಡು ಹೋಗ್ರಿ.

"ಹೊಳಿ ಅಂದ್ರ ಹೊಳೀನ, ಅದರಾಗೇನು?" ಅಂತೀರಿ. ಹಂಗಲ್ಲ. ನಮ್ಮ ಬೆಣ್ಣಿಹಳ್ಳ ಹೆಂಗಂತ ನಿಮಗ ಗೊತ್ತು. 2019ರ ಆಗಸ್ಟ್‌ದಾಗ ಬೆಣ್ಣಿಹಳ್ಳ, ತುಪ್ಪರಿಹಳ್ಳ ಏರಿ ಬಂದಿದ್ದು ನಮ್ಮ ನವಲಗುಂದ ತಾಲೂಕಿನ್ಯಾಗ ಯಾರೂ ಮರತಿಲ್ಲ. ಮ್ಯಾಲಿನ ಕಡೆ ಮಳಿ ಆದ್ರ ಸಾಕು, ಇಲ್ಲಿ ಬಿಸಲಿದ್ರೂ ಹಳ್ಳ ತುಂಬತೈತಿ. ಕಾಳಿಗೆ ಆ ಮಳೀನೂ ಬೇಕಾಗಿಲ್ಲ. ಜೋಯಿಡಾ ತಾಲೂಕಿನ ದಿಗ್ಗಿ ಕಡೆ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರದು ಕಾರವಾರದ ಹತ್ರ ಸಮುದ್ರ ಸೇರತೈತಿ. ದಾರ್‍ಯಾಗ ಗಣೇಶಗುಡಿ ಹತ್ರ ಸೂಪಾ ಅಣೆಕಟ್ಟು, 101 ಮೀಟರ್ ಎತ್ತರ. ಕರೆಂಟ್ ತಯಾರು ಮಾಡಾಕ ನೀರು ಬಿಟ್ರ ಕೆಳಗಿನ ಹೊಳಿ ಏರತೈತಿ, ನಿಲ್ಲಿಸಿದ್ರ ಇಳೀತೈತಿ. ಅಲ್ಲಿ ರಬ್ಬರ್ ದೋಣಿ ಆಟ ನಡಸೂದೂ ಆ ನೀರು ಬಿಟ್ಟಾಗನ. ಅಂದ್ರ ಮಧ್ಯಾಹ್ನ ಉಸುಕು ಒಣಗಿ ಬೆಳ್ಳಗ ಕಂಡಿತು ಅಂತ ಅದರ ಮ್ಯಾಲೆ ಜಮಖಾನಿ ಹಾಸಬಾರದು. ಬಂಡೆಗಲ್ಲಿನ ಮ್ಯಾಲ ಹಸೀ ಗೆರಿ, ಗಿಡದ ಬೇರಿಗೆ ಸಿಕ್ಕ ಕಸ ಎಲ್ಲಿ ತನಕ ಐತಿ ನೋಡ್ರಿ. ಅದಕ್ಕಿಂತ ಮ್ಯಾಲಿನ ನೆಲ ನಮ್ಮದು, ಕೆಳಗಿಂದು ಹೊಳೀದು. ಇನ್ನೊಂದು, ದಾಂಡೇಲಿ ಹತ್ರದ ಕಾಳಿಯೊಳಗ ಮೊಸಳಿ ಅದಾವ. ಭಾಂಡೆ ತಿಕ್ಕಾಕ, ಕಾಲು ಇಳಿಬಿಟ್ಟು ಕೂಡಾಕ ಹೊಳಿ ಅಂಚಿಗೆ ಹೋಗೂದು ಬ್ಯಾಡ. ಮಕ್ಕಳನ್ನಂತೂ ಒಬ್ಬೊಬ್ಬರನ್ನ ಬಿಡಲೇಬ್ಯಾಡ್ರಿ.

ಮತ್ತ, ಬೇಕಾದಲ್ಲಿ ಗಾಡಿ ಹೊಳ್ಳಿಸಿ ನಿಲ್ಲಸಾಕ ಅದು ಜಾತ್ರಿ ಬಯಲಲ್ಲ. 2007ರಾಗ ದಾಂಡೇಲಿ-ಅಣಶಿ ಹುಲಿ ರಕ್ಷಿತಾರಣ್ಯ ಅಂತ ಮಾಡಿದ್ರು, 2015ರಾಗ ಕಾಳಿ ಅಂತ ಹೆಸರಿಟ್ರು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಭಯಾರಣ್ಯದೊಳಗ ಪರವಾನಗಿ ಇಲ್ಲದ ಹೋಗಂಗಿಲ್ಲ, ಬೆಂಕಿ ಹಚ್ಚಂಗಿಲ್ಲ. ದಾಂಡೇಲಿ ಹತ್ರ ಕುಳಗಿಯೊಳಗ ಅರಣ್ಯ ಇಲಾಖ್ಯಾವರ ನಿಸರ್ಗ ಶಿಬಿರ ಐತಿ, ಟೆಂಟು, ಕಾಟೇಜು ಇಟ್ಟಾರ. ನಮ್ಮ ಗಾಡಿ ರಾತ್ರಿ ಎಲ್ಲಿ ನಿಲ್ಲಬೇಕು, ಅದರಾಗ ಮಲಗಬಹುದೋ ಇಲ್ಲೋ ಅಂತ ಮೊದಲ ಫೋನ್ ಮಾಡಿ ಕೇಳಬೇಕು. ಕಾಡಿನ ರಸ್ತೆ ಬಾಜೂಕ ಕತ್ತಲಾದ ಮ್ಯಾಲೆ ಜಾಗಾ ಹುಡಕೂದು ಸುರಕ್ಷಿತ ಅಲ್ಲ, ಸಭ್ಯತನಾನೂ ಅಲ್ಲ.

ಕಟಗಿ ಬಗ್ಗೆ ನಿಮ್ಮ ಮಗ ಹೇಳಿದ ಮಾತು ನನಗ ಭಾಳ ಹಿಡಸ್ತು. ಮಿಷಿಗನ್‌ದಾಗ ಒಂದು ಊರಿನ ಕಟಗಿ ಇನ್ನೊಂದು ಊರಿನ ಕಾಡಿಗೆ ಒಯ್ಯಬ್ಯಾಡ್ರಿ ಅಂತಾರಂತ, ಸುಡೂ ಜಾಗಾದಾಗ ಕೊಳ್ಳಬೇಕಂತ. ಕಾರಣ ಐತಿ. ಏಷ್ಯಾ ಕಡೀದೊಂದು ಹಸುರು ಹುಳ 2002ರಾಗ ಡೆಟ್ರಾಯಿಟ್ ಹತ್ರ ಕಣ್ಣಿಗೆ ಬಿತ್ತು. ಆ್ಯಶ್ ಅನ್ನೂ ಗಿಡದ ತೊಗಟಿ ಒಳಗ ಸೇರಿ ಕೋಟಿಗಟ್ಟಲೆ ಗಿಡ ಒಣಗಿಸೇತಿ. ಆ ಹುಳ ತಾನ ಹಾರಿ ಹೋದದ್ದಕ್ಕಿಂತ ಮಂದಿ ಒಯ್ದ ಕಟಗ್ಯಾಗ ಕೂತು ದೂರ ದೂರ ಹೋತು. ನಮ್ಮ ಕಾಡಿನ್ಯಾಗೂ ಬಿದ್ದ ಕಟಗಿ ಆರಸೂದು, ಒಣಗಿ ನಿಂತ ಗಿಡ ಕಡಿಯೂದು ಬ್ಯಾಡ. ದಾಂಡೇಲಿ ಸುತ್ತ ನಾಕು ಜಾತಿ ಮಂಗಟ್ಟೆ ಹಕ್ಕಿ ಅದಾವ. ಅವು ಮುದಿ ಗಿಡದ ಪೊಟರ್‍ಯಾಗ ತತ್ತಿ ಇಡತಾವ. ಹೆಣ್ಣು ಒಳಗ ಕೂತು ಪೊಟರಿ ಬಾಯಿ ಮುಚ್ಚಿಕೊಂಡ್ರ, ಉಳದ ಕಂಡ್ಯಾಗಿಂದ ಗಂಡು ಹಣ್ಣು ತಂದು ತಂದು ಉಣಸತೈತಿ. ನಮಗ ಒಣ ಕಟಗಿ ಅನಸಿದ್ದು ಅಲ್ಲಿ ಒಬ್ಬರ ಬಾಣಂತಿ ಕೋಲಿ. ಮೊಮ್ಮಕ್ಕಳಿಗೆ ಇದನ್ನ ನೀವ ಹೇಳ್ರಿ, ದುರ್ಬೀನು ಒಂದು ಕೈಯಾಗ ಕೊಟ್ಟು.

ನೀರಿನ ಲೆಕ್ಕ ಮಾತ್ರ ನೀವ ಇಟ್ಟುಕೋರಿ, ಮಗನ ಕೈಯಾಗ ಕೊಡಬ್ಯಾಡ್ರಿ. 100 ಲೀಟರ್ ಟಾಕಿ ಅಂದ್ರ ನಾಕು ಮಂದೀಗೆ ತಲೀಗೆ 25 ಲೀಟರ್. ಶವರ್ ತಿರುವಿ ನಿಂತ್ರ ಒಬ್ಬರ ಜಳಕಕ್ಕ ಅದು ಮುಗೀತೈತಿ. ನಮ್ಮ ಕಡೆ ಬೋರು ಹೊಡದ್ರ ಸವುಳು ನೀರು. ಮಲಪ್ರಭಾ ಕಾಲುವಿ ನೀರು ಕೆರೀಗೆ ಬಂದ್ರ ಕುಡಿಯಾಕ ಉಂಟು. ಕೊಡ ಹೊತ್ತ ಹೆಂಗಸಿಗೆ ಒಂದು ಚರಿಗಿ ನೀರಿನ ಬೆಲಿ ಯಾರೂ ಕಲಸಬೇಕಾಗಿಲ್ಲ. ಅಕ್ಕಿ ತೊಳದ ನೀರಿನ್ಯಾಗ ಭಾಂಡೆ ಮೊದಲ ಸಲ ತಿಕ್ಕೂದು, ಒದ್ದಿ ಬಟ್ಟೀಲೆ ಮೈ ಒರಸಿಕೊಳ್ಳೂದು, ಇದೆಲ್ಲಾ ನಿಮಗ ಬರತೈತಿ. ಸಾಬಾಣದ ನೀರು ಹೊಳೀಗೆ ಬಿಡಬ್ಯಾಡ್ರಿ. 200 ಅಡಿ, ಅಂದ್ರ ಒಂದು 80 ಹೆಜ್ಜಿ ದೂರ ಒಯ್ದು ಮಣ್ಣಿಗೆ ಚೆಲ್ರಿ.

"ಕರೆಂಟ್ ಇಲ್ಲದ ಮಕ್ಕಳು ಹೆಂಗ ಇರತಾವ?" ಇರತಾವ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿ ತುಂಬಿದ್ರ 1200 ವಾಟ್-ಅವರ್ ಅಂತ ಲೆಕ್ಕ. ಹಳೇ ತರದ ಬ್ಯಾಟರಿ ಆದ್ರ ಅರ್ಧಾನ ಬಳಸಬೇಕು, ಇಲ್ಲಂದ್ರ ಜಲ್ದಿ ಕೆಡತೈತಿ. ಉಳದ 600ರಾಗ 15 ವಾಟಿನ ಸಣ್ಣ ಫ್ಯಾನ್ ಒಂದು, 5 ವಾಟಿನ ದೀಪ ಎರಡು, ಫೋನಿನ ಚಾರ್ಜು, ರಾತ್ರಿ ಆರಾಮ ಕಳೀತೈತಿ. ಎಸಿ ಹಚ್ಚಿದ್ರ ಅದು ಒಂದು ತಾಸೂ ತಡಿಯೂದಿಲ್ಲ. ಅದಕ್ಕಂತ ಜನರೇಟರ್ ಹಚ್ಚಿ ಇಡೀ ಕಾಡು ಎಬ್ಬಸೂದು ದೊಡ್ಡ ಪಾಪ. ಆಮ್ಯಾಲೆ, ಥಂಡಿ ಅಂತ ಇದ್ದಿಲು ಶೆಗಡಿ ಗಾಡಿ ಒಳಗ ಇಟ್ಟುಕೊಂಡು ಕಿಡಕಿ ಹಾಕಿ ಮಲಗಿದ್ರ ಅದರಿಂದ ಏಳೂ ವಿಷದ ಗಾಳಿ ವಾಸನಿ ಇಲ್ಲದ ಜೀವ ತಗೀತೈತಿ. ನಿಮ್ಮ ಮಾವನೋರು ಕಂದೀಲು ಸುದ್ದಾ ಬಂಡಿ ಹೊರಗ ಕಟ್ಟತಿದ್ರು. ಎರಡು ಕೌದಿ ಹೆಚ್ಚಿಗಿ ಒಯ್ರಿ, ಮುಗೀತು.

ಕೇರಳದವರು 2021ರಾಗ ಕ್ಯಾರವಾನ್ ಪ್ರವಾಸದ ನೀತಿ ತಂದ್ರು, ವಾಗಮನ್‌ದಾಗ ಗಾಡಿ ನಿಲ್ಲಸೂ ತಾಣಾನೂ ಆತು. ನಮ್ಮ ಸರಕಾರಕ್ಕ ನನ್ನದೊಂದು ಬೇಡಿಕಿ ಐತಿ ಅಕ್ಕಾರ. ಕಾಡಂಚಿನ್ಯಾಗ, ಹೊಳೀಂದ ದೂರ, ಒಂದು ಕೈಪಂಪು, ಸ್ವಚ್ಛ ಸಂಡಾಸ, ಗಾಡಿಯೊಳಗಿನ ಸಂಡಾಸದ ಡಬ್ಬಿ ಖಾಲಿ ಮಾಡಾಕ ಜಾಗಾ, ಒಬ್ಬ ಕಾವಲುಗಾರ. ಇಷ್ಟ ಇಟ್ಟು ಕಡಿಮಿ ದರಕ್ಕ ಕೊಡ್ರಿ ಅಂತ. ರಿಸಾರ್ಟಿನ ಒಂದು ರಾತ್ರಿ ಬಾಡಿಗಿ ತಿರ್ಲಾಪುರದ ಒಕ್ಕಲಿಗಗ ಹೊಂದೂದಿಲ್ಲ. ಟಂಟಂ, ಟ್ರ್ಯಾಕ್ಟರ್ ಟ್ರೇಲರಿನ್ಯಾಗ ಗುಡ್ಡಕ್ಕ ಹೋಗಿ ವಾರ ಇದ್ದು ಬರೂ ನಮ್ಮ ಮಂದೀಗೆ ಕಾಡೂ ತೋರಸಬೇಕಲ್ಲ. ನೋಡದವರು ಅದನ್ನ ಉಳಸಿಕೊಳ್ಳಾಕ ಯಾಕ ಹೋರಾಡ್ಯಾರು?

ಬುತ್ತಿ ಚಿಂತಿ ಬಿಡ್ರಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ರ ಒಲೀನ ಬ್ಯಾಡ. ನೀರು ಉಳೀತು, ಗ್ಯಾಸ್ ಉಳೀತು, ಕೆಡೂ ಮಾತಿಲ್ಲ. ಗಾಡಿ ನೆಲಕ್ಕ ನವಲಗುಂದದ ಜಮಖಾನೀನ ಹಾಸ್ರಿ. ನಮ್ಮ ಹೆಣ್ಣುಮಕ್ಕಳು ಮನ್ಯಾಗ ಮಗ್ಗ ಹೂಡಿ ನೇಯೂ ಆ ಅರಿವಿಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕೇತಿ. ಉಸುಕು ಝಾಡಿಸಿದ್ರ ಹೋತು. ತಿಂಡಿ ಮಾತ್ರ ಹೊರಗ ಬಿಟ್ಟು ಮಲಗಬ್ಯಾಡ್ರಿ, ಮಂಗ್ಯಾ ಬಿಡೂದಿಲ್ಲ. ಚಿಪ್ಸಿನ ಚೀಟಿ ಸುದ್ದಾ ಚೀಲಕ್ಕ ತುಂಬಿ ಊರಿಗೆ ಹೊಳ್ಳಿ ತರ್ರಿ.

ಇವತ್ತ ರಾತ್ರಿ ಫೋನ್ ಬಂದ್ರ ಇಷ್ಟು ಕೇಳ್ರಿ: ಟಾಕಿ ಎಷ್ಟು ಲೀಟರು, ಬ್ಯಾಟರಿ ಯಾವ ತರದ್ದು, ಸಂಡಾಸದ ಡಬ್ಬಿ ಎಲ್ಲಿ ಖಾಲಿ ಮಾಡೂದು, ರಾತ್ರಿ ನಿಲ್ಲಾಕ ಒಪ್ಪಿಗಿ ಯಾರು ಕೊಟ್ಟಾರ. ಉತ್ತರ ಬರೂ ಮಟ ರೊಕ್ಕ ಕಟ್ಟಬ್ಯಾಡ ಅನ್ರಿ. ಗುರೆಳ್ಳು ನಾ ಹುರದು ಕೊಡತೇನಿ, ರೊಟ್ಟಿ ಬಡ್ಯಾಕ ಹಿಂದಿನ ದಿನ ನಸಿಕಿನ್ಯಾಗ ಬರತೇನಿ.