ಮಾನಿಟರ್-ತಿಮಿರ-ಚಿಕಿತ್ಸಾ-ಸಂಗ್ರಹ

ಶಾಸ್ತ್ರವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲು ನಿರೂಪಿಸತಕ್ಕದ್ದೆಂಬುದು ಶಿಷ್ಟಾಚಾರವಾದುದರಿಂದ ನಾವೂ ಅದನ್ನು ಮೀರುವುದಿಲ್ಲ. ಇಲ್ಲಿಯ ವಿಷಯವು ಕತ್ತಲು ಕವಿದ ಎಲ್‌ಸಿಡಿ ಮಾನಿಟರು. ಪ್ರಯೋಜನವು ಅದರಲ್ಲಿ ಪುನಃ ಬೆಳಕು ಮೂಡುವುದು, ಇಲ್ಲವೇ ಇನ್ನು ಮೂಡದೆಂಬ ನಿಶ್ಚಯಜ್ಞಾನ. ಸಂಬಂಧವು ಮಾನಿಟರಿಗೂ ತಿಂಗಳ ಕೊನೆಯ ಜೇಬಿಗೂ ಇರತಕ್ಕದ್ದು. ಅಧಿಕಾರಿಯಾದರೋ, ಕಲ್ಕತ್ತೆಯ ಸೆಕ್ಟರ್ ಫೈವಿನಲ್ಲಿ ದುಡಿಯುತ್ತ, ವಾರಂಟಿ ತೀರಿದ ಸ್ವಂತ ಮಾನಿಟರೊಂದನ್ನು ಬಾಡಿಗೆಯ ಕೋಣೆಯಲ್ಲಿ ಇರಿಸಿಕೊಂಡಿರುವ ಕನ್ನಡಿಗನು. ಆಸ್ತಿಪಟ್ಟಿಯ ನಂಬರು ಅಂಟಿಸಿಕೊಂಡ ಕಚೇರಿಯ ಮಾನಿಟರನ್ನು ಬಿಚ್ಚುವ ಅಧಿಕಾರ ಅವನಿಗೆ ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಇನ್ನು ದೇಶನಿರ್ಣಯ. ವಿಧಾನಚಂದ್ರ ರಾಯರ ಸಂಕಲ್ಪದಂತೆ 1960ರ ದಶಕದಲ್ಲಿ ಹೂಗ್ಲಿ ನದಿಯ ಹೂಳನ್ನು ಕೊಳವೆಗಳಲ್ಲಿ ಹಾಯಿಸಿ ಜವುಗಿನಿಂದ ಮೇಲೆತ್ತಿದ, ಮೇಲೆ ಹೇಳಿದ ಸೆಕ್ಟರ್ ಫೈವನ್ನು ಒಳಗೊಂಡ ಸಾಲ್ಟ್ ಲೇಕ್ ಪ್ರದೇಶವು ಒಂದು ಕಾಲಕ್ಕೆ ನೀರೆನ್ನಲೂ ನೆಲವೆನ್ನಲೂ ಬಾರದ ಅವಸ್ಥೆಯಲ್ಲಿತ್ತು. 1888ರಲ್ಲಿ ರೈನಿಟ್ಸರ್ ಎಂಬ ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞನು ಕಾಯಿಸಿದ ಕೊಲೆಸ್ಟೆರಿಲ್ ಬೆಂಜೋಯೇಟೆಂಬ ವಸ್ತುವೂ 145.5 ಡಿಗ್ರಿಯಲ್ಲಿ ಕರಗಿ ಮಸುಕಾಗಿ, 178.5 ಡಿಗ್ರಿಯಲ್ಲಿ ಮಾತ್ರವೇ ತಿಳಿಯಾಗಿ, ನಡುವಣ ಕಾವಿನಲ್ಲಿ ದ್ರವವೋ ಘನವೋ ಎಂಬ ಸಂಶಯಕ್ಕೆ ಆಸ್ಪದವಾಯಿತು. ಇಂತಹ ವಸ್ತುವಿಗೇ ದ್ರವಸ್ಫಟಿಕವೆಂದು ಹೆಸರು, ಎಲ್‌ಸಿಡಿ ಪರದೆಯೊಳಗೆ ಇರುವುದೂ ಆ ಜಾತಿಯದೇ. ಆದುದರಿಂದ ದ್ರವಸ್ಫಟಿಕದ ಚಿಕಿತ್ಸೆಗೆ ಈ ಕ್ಷೇತ್ರಕ್ಕಿಂತ ಪ್ರಶಸ್ತವಾದುದು ಬೇರಿಲ್ಲ. ಅಲ್ಲಿ ಕನ್ನಡಿಗನಿಗೇನು ಕೆಲಸವೆಂದು ಕೇಳುವವರು ಎಸ್. ಚಂದ್ರಶೇಖರರನ್ನು ನೆನೆಯಲಿ: 1930ರಲ್ಲಿ ಕಲ್ಕತ್ತೆಯಲ್ಲಿ ಜನಿಸಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನವನ್ನು ಬೋಧಿಸಿ, 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಂಗಡಿಗರೊಡನೆ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದವರು ಅವರು. ಆ ಜಾತಿಯ ಅಣುಗಳ ಪೊರೆಯೇ ಮುಂದೆ ಅನೇಕ ಮಾನಿಟರುಗಳಲ್ಲಿ ಸೇರಿ, ಓರೆಯಿಂದ ನೋಡಿದವರಿಗೂ ಚಿತ್ರವು ಕೆಡದೆ ಕಾಣುವಂತೆ ಮಾಡಿತು. ಪಕ್ಕದ ಕುರ್ಚಿಯವನು ನಮ್ಮ ಪರದೆಯನ್ನು ಇಣಿಕಿ ನೋಡುವ ಸೌಲಭ್ಯದಲ್ಲಿ ಬೆಂಗಳೂರಿನ ಪಾಲೂ ಉಂಟೆಂದು ಇದರಿಂದ ಸಿದ್ಧವಾಯಿತು.

ಈಗ ಪೂರ್ವಪಕ್ಷ. ಚಹದಂಗಡಿಯ ಮುಂದೆ ಮಣ್ಣಿನ ಭಾಂಡವನ್ನು ಹಿಡಿದು ನಿಂತ ಹೆಲ್ಪ್‌ಡೆಸ್ಕಿನ ಆಚಾರ್ಯರನ್ನು ಕೇಳಿದರೆ, "ಆಫ್ ಮಾಡಿ ಆನ್ ಮಾಡಿದಿರಾ?" ಎಂಬ ಮಹಾವಾಕ್ಯವನ್ನು ಮೊದಲು ಉಪದೇಶಿಸಿ, ಶಿಷ್ಯನು ಹೌದೆನ್ನಲು, "ಹಾಗಾದರೆ ಪ್ಯಾನೆಲ್ ಹೋಗಿದೆ, ಹೊಸದು ಕೊಳ್ಳಿ" ಎಂದು ತೀರ್ಪು ಕೊಡುತ್ತಾರೆ. ಇದು ಹೇತ್ವಾಭಾಸ. 1920 ಅಡ್ಡಕ್ಕೆ 1080 ಉದ್ದದಂತೆ, ಬಿಂದುವೊಂದಕ್ಕೆ ಮೂರು ಬಣ್ಣದಂತೆ, ಪರದೆಯಲ್ಲಿರುವ 62,20,800 ಕಣಗಳು ಒಂದೇ ಮುಹೂರ್ತದಲ್ಲಿ ಸಾಮೂಹಿಕವಾಗಿ ಪ್ರಾಣಬಿಡುವುದಕ್ಕೆ ಕಾರಣವೇನೆಂದು ಅವರು ವಿಚಾರಿಸುವುದಿಲ್ಲ.

ಸಿದ್ಧಾಂತವು ಇಂತಿದೆ. ಕೇಬಲು ಸಡಿಲವಾಗಿಲ್ಲವೆಂದೂ, ಮಾನಿಟರು ಎಚ್‌ಡಿಎಂಐಗೆ ಬದಲಾಗಿ ವಿಜಿಎಯನ್ನು ಎದುರುನೋಡುತ್ತಿಲ್ಲವೆಂದೂ, ಪವರಿನ ಪುಟ್ಟ ದೀಪ ಉರಿಯುತ್ತಿದೆಯೆಂದೂ ಪ್ರತ್ಯಕ್ಷದಿಂದ ಮೊದಲು ತಿಳಿಯತಕ್ಕದ್ದು. ಅನಂತರ ಅನುಪಲಬ್ಧಿಯ ವಿಚಾರ. ಕತ್ತಲಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂಬ ಮಾತ್ರಕ್ಕೆ ಗಡಿಗೆಯೇ ಇಲ್ಲವೆನ್ನಲಾಗದು, ಕಾಣುವುದಕ್ಕೆ ತಕ್ಕ ಬೆಳಕಿದ್ದೂ ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು ಎಂದು ನಮ್ಮ ತಾರ್ಕಿಕರು ಎಂದೋ ನಿರ್ಣಯಿಸಿದ್ದಾರೆ. ಆದುದರಿಂದ ಕೋಣೆಯ ದೀಪವನ್ನಾರಿಸಿ, ಮೊಬೈಲಿನ ಟಾರ್ಚನ್ನು ಪರದೆಗೆ ಹತ್ತಿರ ಹಿಡಿದು ಓರೆಯಾಗಿ ಬೆಳಗಬೇಕು. ಸೋಮವಾರದ ಮೀಟಿಂಗಿನ ನೋಟೀಸು ಅಲ್ಲಿ ಮಸುಕುಮಸುಕಾಗಿ ಕಂಡಿತೋ, ಸ್ಫಟಿಕವು ನಿರಪರಾಧಿ, ಹಿಂದಣ ಬ್ಯಾಕ್‌ಲೈಟಾಗಲಿ ಅದಕ್ಕೆ ವಿದ್ಯುತ್ತನ್ನು ಒದಗಿಸುವ ಬೋರ್ಡಾಗಲಿ ದೋಷಿ. ಬ್ಯಾಕ್‌ಲೈಟಿಗೆ ಟ್ಯೂಬನ್ನಿರಿಸಿದ ಹಳೆಯ ಎಲ್‌ಸಿಡಿ ಮಾನಿಟರು ಎರಡು ಕ್ಷಣ ಬೆಳಗಿ ಆರಿದರೆ ಇನ್ವರ್ಟರನ್ನೂ ಟ್ಯೂಬನ್ನೂ ಶಂಕಿಸಬೇಕು. ಪರದೆಯ ಉದ್ದಕ್ಕೆ ಬಣ್ಣದ ಗೆರೆಯೊಂದು ಸ್ಥಿರವಾಗಿ ನಿಂತರೆ ಗಾಜಿನಂಚಿಗೆ ಅಂಟಿಸಿದ ಡ್ರೈವರ್ ಪಟ್ಟಿಯು ಬಿಟ್ಟಿರುವುದು ಪ್ರಾಯಿಕ. ಅದು ಮನೆಮದ್ದಿಗೆ ಬಗ್ಗದ ಅಸಾಧ್ಯ ವ್ಯಾಧಿ.

ಚಿಕಿತ್ಸೆ. ಸಾಧ್ಯವ್ಯಾಧಿಯಾದರೆ ರೋಗಿಯನ್ನು ಕಲ್ಕತ್ತೆಯ ಚಾಂದನಿ ಚೌಕಿಗೆ ಒಯ್ಯತಕ್ಕದ್ದು. ಅಲ್ಲಿಯ ಮಿಸ್ತ್ರಿಯು ಹಿಂಬದಿಯನ್ನು ಬಿಚ್ಚಿ, ಪವರ್ ಬೋರ್ಡಿನ ಮೇಲೆ ಸಾಲಾಗಿ ನಿಂತ ಕೆಪಾಸಿಟರುಗಳ ನೆತ್ತಿಯ ಮೇಲೆ ಬೆರಳಾಡಿಸಿ, ಒಂದರ ಬಳಿ ನಿಲ್ಲಿಸಿ, "ಫುಲೇ ಗೇಛೆ, ದಾದಾ" ಎನ್ನುತ್ತಾನೆ. ಉಬ್ಬಿದೆಯೆಂದು ಅರ್ಥ. ಒಳಗಿನ ದ್ರಾವಣವು ವರ್ಷಗಟ್ಟಲೆ ಕಾವುಂಡು ಅನಿಲವನ್ನು ಬಿಟ್ಟುದರಿಂದ ನೆತ್ತಿಯುಬ್ಬಿರುತ್ತದೆ. ಸಿಡಿಯುವ ಬದಲು ಮೆಲ್ಲನೆ ಬಿರಿಯಲೆಂದೇ ಅಲ್ಲಿ ಕತ್ತರಿಗೀರನ್ನು ಹಾಕಿರುತ್ತಾರೆ. ಅಷ್ಟೇ ಮೈಕ್ರೋಫ್ಯಾರಡ್ಡಿನ, ಅಷ್ಟೇ ಅಥವಾ ಹೆಚ್ಚು ವೋಲ್ಟಿನ, 105 ಡಿಗ್ರಿ ತಾಳುವ ಹೊಸತನ್ನು, ಮೈಮೇಲಣ ಪಟ್ಟೆಯು ಋಣದ ಕಡೆಗೇ ಬರುವಂತೆ ಬೆಸುಗೆ ಹಾಕಿದರೆ ಮುಗಿಯಿತು. ಈ ವಿಧಿಯನ್ನು ಸ್ವಹಸ್ತದಿಂದ ನಡೆಸುವ ಸಾಹಸಿಗಳಿಗೆ ಒಂದೇ ನಿಷೇಧ: ಪ್ಲಗ್ಗು ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಮುನ್ನೂರಕ್ಕೂ ಮಿಕ್ಕಿದ ವೋಲ್ಟು ಉಳಿದಿರಬಹುದಾದುದರಿಂದ, ಅದು ಖಾಲಿಯಾಯಿತೆಂದು ಮೀಟರಿನಲ್ಲಿ ನೋಡುವ ತನಕ ಬೆರಳಿಡಕೂಡದು.

ಫಲಶ್ರುತಿ. ಪಂಡಿತರು ಶತಮಾನಕ್ಕೂ ಮಿಕ್ಕಿ ಮಥಿಸಿದ ದ್ರವಸ್ಫಟಿಕವು ಬಹುಮಟ್ಟಿಗೆ ಆರೋಗ್ಯವಾಗಿಯೇ ಇದ್ದು, ಕೆಲವೇ ರೂಪಾಯಿ ಬೆಲೆಯ ಡಬ್ಬಿಯೊಂದು ಕೆಡುವುದರಿಂದ ಇಡೀ ಮಾನಿಟರು ಗುಜರಿಗೆ ಹೋಗುತ್ತದೆಂಬುದೇ ಈ ಶಾಸ್ತ್ರದ ಸಾರ. ಆದುದರಿಂದ ಟಾರ್ಚು ಹಿಡಿದು ನೋಡದೆ ಪ್ಯಾನೆಲ್ ಹೋಯಿತೆನ್ನುವವರ ಮಾತನ್ನು ವಾಚಕರು ನಂಬಬಾರದಾಗಿ ಪ್ರಾರ್ಥನೆ. ಇಷ್ಟೆಲ್ಲ ನಡೆಸಿಯೂ ಬೆಳಕು ಮೂಡದಿದ್ದರೆ ಪೂರ್ವಪಕ್ಷವನ್ನೇ ಸಿದ್ಧಾಂತವೆಂದು ಒಪ್ಪಿ ಹೊಸ ಮಾನಿಟರನ್ನು ಕೊಳ್ಳತಕ್ಕದ್ದು. ಶಾಸ್ತ್ರಕ್ಕೆ ಅದರಿಂದ ಕುಂದಿಲ್ಲ.