ರಾಯರ ಅಪಕ್ವಾಹಾರ ವ್ರತ

ಮಾಳಮಡ್ಡಿಯ ನಮ್ಮ ನೆರೆಮನೆಯ ರಾಯರು, ಅಗ್ನಿಸ್ಪರ್ಶಗೊಂಡ ಅನ್ನವೆಲ್ಲವೂ ಮೃತವೆಂದೂ ಮೊಳಕೆಯೊಂದೇ ಸಜೀವಾಹಾರವೆಂದೂ ನಿಶ್ಚಯಿಸಿ, ಮಡಕಿಕಾಳನ್ನು ಇರುಳೆಲ್ಲ ನೆನೆಯಿಟ್ಟು, ಪ್ರಾತಃಕಾಲದಲ್ಲಿ ನೀರು ಬಸಿದು, ತಮ್ಮ ಮಡಿಧೋತರದಲ್ಲಿಯೇ ಗಂಟುಕಟ್ಟಿ ದೇವರಮನೆಯ ಮೊಳೆಗೆ ತೂಗುಹಾಕಿದ್ದನ್ನು ನಾನು ಕಣ್ಣಾರೆ ಕಂಡವನು.

“ಅಲ್ರೀ, ನಮ್ಮ ಅತ್ತಿಯವರೂ ಹಿಂಗs ಕಟ್ಟತಿದ್ರು,” ಎಂದರು ಅವರ ಧರ್ಮಪತ್ನಿ. “ಆದ್ರ ಆಮ್ಯಾಲೆ ಒಗ್ಗರಣಿ ಹಾಕಿ ಪಲ್ಲೆ ಮಾಡಿ, ಜ್ವಾಳದ ರೊಟ್ಟಿ ಜೋಡಿ ಬಡಸತಿದ್ರು.”

“ಅದs ತಪ್ಪು! ಮೊಳಕಿ ಒಡದಾಗ ಹುಟ್ಟಿದ ಸಿ ಜೀವಸತ್ವ ಕುದಿಸಿದ್ರ ಹೋಗತದ. 1929ರಾಗ ಮಹಾತ್ಮಾ ಗಾಂಧಿಯವರs ಮೊಳಕಿ ಗೋದಿ, ಕಡ್ಲಿ ಹಸೀದs ತಿಂದು ಪ್ರಯೋಗ ಮಾಡ್ಯಾರ.”

“ಮುಂದೇನಾತು?”

ರಾಯರು ಕ್ಷಣಕಾಲ ಮೌನ ತಾಳಿದರು. ಸತ್ಯವ್ರತವೂ ಅವರಿಗಿತ್ತಲ್ಲವೆ! “ಆಮಶಂಕಿ ಆತು. ಬಿಟ್ಟರು.”

“ಮತ್ತ ನೀವು?”

“ನಂದಿನ್ನೂ ಮೂರನೇ ದಿನ.”

ಅದೇ ಸಾಯಂಕಾಲ ಲೈನ್ ಬಜಾರಿನ ಫೇಡೆಯಂಗಡಿಯ ಮುಂದೆ ರಾಯರ ದರ್ಶನವಾಯಿತು. ಫೇಡೆಯೆಂಬುದು ಹಾಲನ್ನು ಬತ್ತಿಸಿ, ಖೋವೆಯನ್ನು ಕಂದುಬಣ್ಣಕ್ಕೆ ತಿರುಗುವತನಕ ಹುರಿದ ಪದಾರ್ಥವೆಂದು ನೆನಪಿಸುವ ಧೈರ್ಯ ನನಗಾಗಲಿಲ್ಲ. ಧೋತರದ ಕಾಳು ಅಂದಿರುಳೇ ಒಗ್ಗರಣೆ ಕಂಡಿತು.